ಬಿ.ಎ. ಡಬ್ಬಿಗೆ ಬದಲಿ ಮೇಜು

ಪ್ರಮಾಣಪತ್ರ ಕೈಗೆ ಬರುವ ಮೊದಲೇ ನನ್ನ ಬಿ.ಎ. ಸ್ಟೀಲಿನ ಡಬ್ಬಿಗಳ ಮೇಲೆ ಬಂದಿತ್ತು. ಫಲಿತಾಂಶದ ಬೆನ್ನಿಗೇ ಮದುವೆ ಗೊತ್ತಾಗಿತ್ತು. ನಮ್ಮಪ್ಪ ರಾಯಚೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ಲಿಗೆ ಪಂಕ್ಚರ್ ಹಾಕುವವನು. ಓದಲು ಬರುತ್ತಿದ್ದದ್ದು ತನ್ನ ಅಂಗಡಿಯ ಬೋರ್ಡು ಮಾತ್ರ. ಮಗಳಿಗೆ ಕೊಡುವ ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿ ಬಜಾರಿಗೆ ಒಯ್ದು, ಹೆಸರು ಕೊರೆಯುವ ಮಷೀನಿನವನ ಮುಂದೆ ಕುಳಿತು, ಒಂದೊಂದರ ಮೇಲೂ ನನ್ನ ಹೆಸರು, ಹೆಸರಿನ ಮುಂದೆ ಬಿ.ಎ. ಅಂತ ಕನ್ನಡದಲ್ಲಿ ಹಾಕಿಸಿದ.

"ಬಿ.ಎ. ಯಾಕ್ರಿ ಯಜಮಾನ್ರ, ಹೆಸರ ಸಾಕಲ್ಲ?" ಅಂದನಂತೆ ಮಷೀನಿನವ.

"ಹೆಸರ ಎಲ್ಲಾರಿಗೂ ಇರತೈತಿ" ಅಂದನಂತೆ ನಮ್ಮಪ್ಪ.

ಎಣ್ಣೆ ಗಿಂಡಿಯಿಂದ ಹಿಡಿದು ಸಾರಿನ ಸೌಟಿನವರೆಗೆ ಯಾವುದನ್ನೂ ಬಿಡಲಿಲ್ಲ. ಚಮಚದ ಹಿಡಿಕೆಯ ಮೇಲೆ ಎರಡಕ್ಕೂ ಜಾಗ ಸಾಲದೆ, ಹೆಸರು ಬಿಟ್ಟು ಬರೀ ಬಿ.ಎ. ಹಾಕಿಸಿಕೊಂಡು ಬಂದ. ನನ್ನ ಗಂಡನ ಮನೆಯಲ್ಲಿ ಆ ಪಾತ್ರೆಗಳಿಗೆ ಅದೇ ಹೆಸರಾಯಿತು. "ಏ, ಆ ಬಿ.ಎ. ಸೌಟ ಇತ್ತ ಕೊಡ" ಅನ್ನುತ್ತಿದ್ದರು ಅತ್ತೆ. ಎಲ್ಲರೂ ನಗುತ್ತಿದ್ದರು. ನಾನು ಸೌಟು ಕೊಡುತ್ತಿದ್ದೆ, ನಗುತ್ತಿರಲಿಲ್ಲ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಅದರಲ್ಲಿ ನಗುವಂಥದ್ದು ಏನಿದೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ಮನೆ ಹೈದರಾಬಾದಿನ ಕುಷಾಯಿಗೂಡದಲ್ಲಿತ್ತು. ಮಾವನವರು ಅಲ್ಲಿಯ ಕಾರ್ಖಾನೆಯಲ್ಲಿ ದುಡಿದು ಕಟ್ಟಿಸಿದ ಎರಡಂತಸ್ತಿನ ಮನೆ. ಕೆಳಗೆ ನಾವು, ಮೇಲೆ ನನ್ನ ಗಂಡನ ಅಣ್ಣ ಮತ್ತು ಅವರ ಹೆಂಡತಿ. ಆಕೆಯನ್ನು ನಾನು ಬೇರೆಯವರ ಹತ್ತಿರ ಅಕ್ಕ ಅನ್ನುತ್ತೇನೆ, ಎದುರಿಗೆ ಅಕ್ಕಾರ ಅನ್ನುತ್ತೇನೆ. ಮನಸ್ಸಿನಲ್ಲಿ ಏನನ್ನುತ್ತೇನೆ ಅನ್ನುವುದು ಇದನ್ನು ಓದಿ ಮುಗಿಸುವಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ಅಕ್ಕನ ತವರು ನಾರಾಯಣಗೂಡ. ಅಜ್ಜ ವಕೀಲರು, ಅಪ್ಪ ಕಾಲೇಜಿನಲ್ಲಿ ಪಾಠ ಹೇಳಿದವರು. ಕಲಬುರಗಿ ಕಡೆಯಿಂದ ಬಂದು ಎಷ್ಟೋ ಕಾಲದಿಂದ ಇಲ್ಲೇ ನೆಲೆ ನಿಂತ ಮನೆತನ. ಆಕೆ ಡಿಗ್ರಿ ಎರಡನೇ ವರ್ಷದಲ್ಲೇ ಕಾಲೇಜು ಬಿಟ್ಟಳು. ಯಾಕ್ರಿ ಅಂತ ಒಮ್ಮೆ ಕೇಳಿದ್ದೆ. "ಬ್ಯಾಸರಾತು" ಅಂದಳು. ಬ್ಯಾಸರಾತು! ನಾನು ಅಪ್ಪನ ಅಂಗಡಿಯ ಬೆಂಚಿನ ಮೇಲೆ, ಪಂಕ್ಚರ್ ಸೊಲ್ಯೂಷನ್ನಿನ ವಾಸನೆಯಲ್ಲಿ ಇತಿಹಾಸ ಓದಿದವಳು. ಮನೆಯಲ್ಲಿ ತಗಡಿನ ಟ್ರಂಕು ಬೋರಲು ಹಾಕಿ ಅದರ ಮೇಲೆ ನೋಟ್ಸು ಬರೆದವಳು. ಓದು ಬಿಡಲಿಕ್ಕೆ ಬೇಸರ ಅನ್ನುವುದೂ ಒಂದು ಕಾರಣವಾಗಬಹುದು ಅಂತ ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಇಷ್ಟಾದರೂ ಇಬ್ಬರೂ ಬ್ಯಾಂಕಿಗೆ ಹೋದರೆ ಮ್ಯಾನೇಜರು ಕುರ್ಚಿ ತೋರಿಸುವುದು ಆಕೆಗೆ. ಆಕೆಯ ಉರ್ದು ಹಾಗಿದೆ, ತೆಲುಗು ಹಾಗಿದೆ, ಸೆರಗು ಹೊದೆಯುವುದೂ ಹಾಗಿದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಂತಿರುತ್ತೇನೆ. ಒಬ್ಬ ಕ್ಲರ್ಕು ನನಗೆ, "ಅಮ್ಮಾ, ಮೇಡಂಗಾರ ಸಹಿ ಇಲ್ಲಿ ಹಾಕಿಸಿ" ಅಂತ ತೆಲುಗಿನಲ್ಲಿ ಹೇಳಿದ್ದ. ಮನೆಗೆ ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಅದನ್ನೆಲ್ಲ ನುಂಗಬಹುದಿತ್ತು. ನುಂಗಲಾಗದ್ದು ಮೇಜು.

ಅಕ್ಕನ ಅಜ್ಜನ ಸಾಗವಾನಿ ಮೇಜು ಅದು. ಬಲಕ್ಕೆ ಎರಡು ಡ್ರಾಯರು, ಹಿತ್ತಾಳೆಯ ಹಿಡಿಕೆ, ಮೇಲಿನ ಡ್ರಾಯರಿಗೆ ಕೀಲಿ. ಮದುವೆಯಾಗಿ ಬಂದು ಮೊದಲ ಸಲ ಮೇಲೆ ಹೋದಾಗ ನೋಡಿದೆ. ಅದರ ಮೇಲೆ ಉಪ್ಪಿನಕಾಯಿ ಭರಣಿಗಳು ಇದ್ದವು. ಇಷ್ಟು ವರ್ಷ ಹೋದಾಗೊಮ್ಮೆ ನೋಡಿದ್ದೇನೆ. ಕೆಲವು ಸಲ ಭರಣಿ, ಕೆಲವು ಸಲ ಇಸ್ತ್ರಿ ಮಾಡಬೇಕಾದ ಬಟ್ಟೆ, ಸೊಳ್ಳೆ ಬ್ಯಾಟು, ಒಮ್ಮೆ ಬಿಡಿಸಿ ಹರವಿದ ಬಳ್ಳೊಳ್ಳಿ. ಒಂದು ದಿನವೂ ಒಂದು ಪೆನ್ನು ನೋಡಲಿಲ್ಲ. ನಾನೋ ಕೆಳಗೆ ಊಟದ ಟೇಬಲ್ಲಿನ ಮೇಲೆ ಅನ್ನದ ಅಗುಳು ಒರೆಸಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮೇಲಿಂದ ಭರಣಿ ಸರಿಸಿದ ಸದ್ದು ಬಂದರೆ ನನ್ನ ಕೆಂಪು ಪೆನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಆ ವರ್ಷಗಳ ಮಕ್ಕಳಿಗೆ ನಾಲ್ಕೈದು ಅಂಕ ಕಡಿಮೆ ಬಿದ್ದಿದ್ದರೆ ಕಾರಣ ಅದೇ ಇರಬೇಕು.

ಕೇಳಿದರೆ ಕೊಡುತ್ತಿದ್ದಳು. ತೊಂದರೆ ಇದ್ದದ್ದೇ ಅಲ್ಲಿ. ಹಿಂದೆ ಒಂದು ಹಬ್ಬಕ್ಕೆ ಆಕೆ ನನಗೊಂದು ಇಳಕಲ್ ಸೀರೆ ಕೊಟ್ಟಿದ್ದಳು. ಅದನ್ನು ಉಟ್ಟು ಯಾವ ಸಮಾರಂಭಕ್ಕೆ ಹೋದರೂ, "ಚಂದ ಐತಲ್ಲ, ನಾನs ಕೊಟ್ಟಿದ್ದು" ಅನ್ನುತ್ತಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. ಮಳೆ ಬಂತು ಅನ್ನುವ ಹಾಗೆ ಅನ್ನುತ್ತಿದ್ದಳು. ಕೊನೆಗೆ ಆ ಸೀರೆಯನ್ನು ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸಿಗೆ ಹಾಕಿ ಹಿಟ್ಟು ನಾದುವ ಒಂದು ಪರಾತ ತೆಗೆದುಕೊಂಡೆ. ಬದಲಿಗೆ ಬದಲಿ. ಆ ಪರಾತವನ್ನು ಕೊಟ್ಟೆ ಅಂತ ಯಾರೂ ಅನ್ನುವ ಹಾಗಿಲ್ಲ.

ನನ್ನ ಕಡೆಯಿಂದಲೂ ಮೇಲೆ ಹೋಗುತ್ತಿತ್ತು. ಹೋಳಿಗೆ ಮಾಡಿದರೆ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದರೆ, ಎಳ್ಳು ಹಚ್ಚಿದ ರೊಟ್ಟಿ ಬಡಿದರೆ ಬಿ.ಎ. ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದೆ. ನಮ್ಮವ್ವ ಕಲಿಸಿದ್ದು ಒಂದೇ: ಮಂದಿ ಡಬ್ಬಿ ಖಾಲಿ ತಿರುಗಿ ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಅಕ್ಕನಿಗೆ ಆ ರೂಢಿ ಇಲ್ಲ. ಡಬ್ಬಿ ಬಂದರೆ ಥಳಥಳ ತೊಳೆದು ಖಾಲಿ ಬರುತ್ತಿತ್ತು. ಎಷ್ಟೋ ಡಬ್ಬಿ ಬರುತ್ತಲೇ ಇರಲಿಲ್ಲ. ಕೇಳುವುದು ಹೇಗೆ? ಡಬ್ಬಿ ಕೇಳಿದರೆ ರೊಟ್ಟಿ ಎಣಿಸಿದ ಹಾಗೆ.

ಹೋದ ವರ್ಷ ಮನೆಯನ್ನು ಡೆವಲಪ್‌ಮೆಂಟಿಗೆ ಕೊಟ್ಟೆವು. ಅಂದರೆ ಬಿಲ್ಡರು ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾನೆ, ಅಣ್ಣತಮ್ಮಂದಿರಿಗೆ ಫ್ಲಾಟು ಕೊಡುತ್ತಾನೆ. ಅಲ್ಲಿಯವರೆಗೆ ನಾವು ತಾರ್ನಾಕದಲ್ಲಿ ಬಾಡಿಗೆಗೆ, ಅವರು ನಾರಾಯಣಗೂಡದಲ್ಲಿ ಆಕೆಯ ತವರಿನ ಹತ್ತಿರ. ಎರಡೂ ಸಣ್ಣ ಮನೆ. ಸಾಮಾನು ಹಿಡಿಯುವುದಿಲ್ಲ.

"ಹಳೇ ಸಾಮಾನಿನ ಕಬಾಡಿಯವಗ ಯಾಕ ಹಾಕೂದು? ಯಾರ್ಡ್ ಸೇಲ್ ಮಾಡೂಣು" ಅಂದಳು ಅಕ್ಕ. ತನ್ನ ಗೆಳತಿಯ ಗೇಟೆಡ್ ಕಮ್ಯುನಿಟಿಯಲ್ಲಿ ನೋಡಿದ್ದಳಂತೆ. ಅಂಗಳದಲ್ಲಿ ಸಾಮಾನು ಇಡುವುದು, ವಾಟ್ಸಪ್ಪಿನಲ್ಲಿ ಹಾಕುವುದು, ಬಂದವರು ನೋಡಿ ಒಯ್ಯುವುದು.

"ಅಂದ್ರ ಸಂತಿ" ಅಂದರು ನನ್ನ ಗಂಡ.

"ಸಂತಿ ಅಲ್ಲೋ ಮಾರಾಯಾ, ಸಂತ್ಯಾಗ ಮಂದಿ ಒದರತಾರ. ಇಲ್ಲಿ ಯಾರೂ ಒದರೂದಿಲ್ಲ."

ಆ ಭಾನುವಾರ ಅಂಗಳವನ್ನು ನಾವಿಬ್ಬರೂ ಹಂಚಿಕೊಂಡೆವು. ಬೇವಿನ ಮರದ ಕೆಳಗೆ ಆಕೆಯದು, ನೀರಿನ ಸಂಪಿನ ಪಕ್ಕ ನನ್ನದು. ನನ್ನ ಕಡೆ ಇದ್ದದ್ದೆಲ್ಲ ನನ್ನ ಸಂಬಳದ್ದು: ಪ್ಲೈವುಡ್ ಶೋಕೇಸು, ಕಂತಿನಲ್ಲಿ ತೆಗೆದುಕೊಂಡ ಕೂಲರು, ಪ್ಲಾಸ್ಟಿಕ್ ಕುರ್ಚಿ, ಮಿಕ್ಸರು, ಮಗಳ ಸೈಕಲ್ಲು. ಎಲ್ಲ ಒರೆಸಿ, ಬೆಲೆಯ ಚೀಟಿ ಅಂಟಿಸಿ, ಸಾಲಾಗಿ ಇಟ್ಟೆ. ಶಾಲೆಯ ವಿಜ್ಞಾನ ಮೇಳದ ಹಾಗೆ ಕಾಣುತ್ತಿತ್ತು.

ಅಕ್ಕ ಒರೆಸಲೂ ಇಲ್ಲ, ಚೀಟಿ ಅಂಟಿಸಲೂ ಇಲ್ಲ. ಮೇಲಿನಿಂದ ತಂದು ತಂದು ಹಾಕಿಸಿದಳು. ಹಿತ್ತಾಳೆಯ ಹಂಡೆ, ತಾಮ್ರದ ಕೊಡ, ಭರಣಿಗಳು, ಚೌಕಟ್ಟು ಹೋದ ಕನ್ನಡಿ, ಅಡುಗೆಮನೆಯ ಡಬ್ಬಿಗಳ ಒಂದು ಗಂಟು. ಕೊನೆಗೆ ಇಬ್ಬರು ಹಮಾಲರು ಮೇಜನ್ನು ಹೊತ್ತುಕೊಂಡು ಮೆಟ್ಟಿಲು ಇಳಿದರು. ಬೇವಿನ ನೆರಳಿನಲ್ಲಿ ಇಟ್ಟರು. ಇಷ್ಟು ವರ್ಷದಲ್ಲಿ ಮೊದಲ ಸಲ ಅದರ ಮೇಲೆ ಏನೂ ಇರಲಿಲ್ಲ.

ನಾನು ಒಂದು ಉಪಾಯ ಮಾಡಿಟ್ಟಿದ್ದೆ. ನಮ್ಮ ಶಾಲೆಯ ಹಿಂದಿ ಟೀಚರಿಗೆ ಹೇಳಿದ್ದೆ: ನೀನು ಬಂದು ಆ ಮೇಜು ಕೊಂಡುಕೋ, ದುಡ್ಡು ನನ್ನದು, ನೇರ ತಾರ್ನಾಕಕ್ಕೆ ಕಳಿಸು. ಹೀಗಾದರೆ ಯಾರೂ ಕೊಟ್ಟ ಹಾಗೂ ಆಗುವುದಿಲ್ಲ, ಯಾರೂ ಕೇಳಿದ ಹಾಗೂ ಆಗುವುದಿಲ್ಲ.

ಬೆಳಗಿನ ಬಿಸಿಲು ಏರುವ ಹೊತ್ತಿಗೆ ಮಂದಿ ಬಂದರು. ಬಂದವರೆಲ್ಲ ಗೇಟು ದಾಟಿ, ನನ್ನ ಶೋಕೇಸಿನ ಪಕ್ಕದಿಂದ ಹಾದು, ಬೇವಿನ ಮರದ ಕೆಳಗೆ ಹೋಗಿ ನಿಂತರು. ಒಬ್ಬಾಕೆ ನನ್ನ ಮಿಕ್ಸರಿನ ಮೇಲೆ ಚೀಲ ಇಟ್ಟು, ಎರಡೂ ಕೈಯಲ್ಲಿ ಅಕ್ಕನ ಹಂಡೆ ಹಿಡಿದು ನೋಡಿದಳು. "ಪಾತದಾ ಅಮ್ಮಾ?" ಹಳೇದಾ ಅಂತ ಕೇಳಿದಳು. ಹಳೇದು ಅಂದರೆ ಮೂಗು ಮುರಿಯುತ್ತಾರೆ ಅಂತ ನಾನು ಚೀಟಿಯ ಮೇಲೆ 'ಹೊಸದರಂತಿದೆ' ಅಂತ ಬರೆದಿದ್ದೆ. ಅವರಿಗೆ ಬೇಕಾಗಿದ್ದದ್ದು ಹಳೇದು. ಹಳೇದನ್ನು ಮಾರಬೇಕಾದರೆ ಮೊದಲು ಮನೆಯಲ್ಲಿ ಹಳೇದು ಇರಬೇಕಲ್ಲ. ನಮ್ಮ ರಾಯಚೂರಿನ ಮನೆಯಲ್ಲಿ ಸಾಮಾನು ಹಳೇದಾಗುತ್ತಿರಲಿಲ್ಲ, ಸವೆದು ಮುಗಿಯುತ್ತಿತ್ತು. ನಮ್ಮಜ್ಜನದು ಅಂತ ತೋರಿಸಲು ನನ್ನ ಹತ್ತಿರ ಇರುವುದು ಮೂಗೊಂದೇ.

ಅಕ್ಕ ವ್ಯಾಪಾರ ಮಾಡುವ ರೀತಿಯೂ ಬೇರೆ. ಬೆಲೆ ಹೇಳುವ ಮೊದಲು "ಒಯ್ದು ಎಲ್ಲಿ ಇಡ್ತೀರಿ?" ಅಂತ ಕೇಳುತ್ತಾಳೆ. ಉತ್ತರ ಮನಸ್ಸಿಗೆ ಬಂದರೆ ಕಡಿಮೆಗೆ ಕೊಡುತ್ತಾಳೆ, ಬರದಿದ್ದರೆ ಕೊಡುವುದೇ ಇಲ್ಲ. ಹಿಂದಿ ಟೀಚರು ಬಂದಳು. ನನ್ನನ್ನು ನೋಡದವಳ ಹಾಗೆ ನೋಡಿ ಕಣ್ಣು ಹೊಡೆದಳು. ಮೇಜಿನ ಸುತ್ತ ತಿರುಗಿದಳು.

"ಕಹಾಂ ರಖೇಂಗೇ ಆಪ್?" ಅಂದಳು ಅಕ್ಕ.

ಎಲ್ಲಿಡುತ್ತೀರಿ ಅಂದರೆ ಆಕೆ ಪಾಪ ಏನನ್ನಬೇಕು, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ತಡವರಿಸಿ, "ಕಿಚನ್ ಮೇಂ" ಅಂದಳು.

ಇಷ್ಟು ವರ್ಷ ಅದರ ಮೇಲೆ ಬಳ್ಳೊಳ್ಳಿ ಒಣಗಿಸಿದ ಮಹಾತಾಯಿ ಮುಖ ಸಿಂಡರಿಸಿದಳು. "ಅಜ್ಜನ ಬರೆಯೋ ಮೇಜು ಅಡಗಿಮನ್ಯಾಗ?" ಅಂತ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದಳು. "ಕೇಳಿದೇನs ತಂಗಿ, ಮಂದೀಗೆ ಬುದ್ಧಿನ ಇಲ್ಲ ನೋಡ." ಆಮೇಲೆ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದೇನು ಮಾತಾಡಿದಳೋ, ಅರ್ಧ ತಾಸಿನ ಮೇಲೆ ನನ್ನ ಸ್ನೇಹಿತೆ ಉಪ್ಪಿನಕಾಯಿ ಭರಣಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಗೇಟಿನ ಹತ್ತಿರ ನನ್ನ ಕಿವಿಯಲ್ಲಿ, "ನಿಮ್ಮ ವಾರಗಿತ್ತಿ ಎಷ್ಟು ಒಳ್ಳೆಯವರು!" ಅಂದಳು.

ಮಧ್ಯಾಹ್ನದ ಹೊತ್ತಿಗೆ ನನ್ನ ಕಡೆಯಿಂದ ಹೋದದ್ದು ಕೂಲರು ಒಂದೇ. ಅಕ್ಕನ ಕಡೆ ಮೇಜು, ಡಬ್ಬಿಗಳ ಗಂಟು, ಕನ್ನಡಿ ಉಳಿದಿದ್ದವು. ಆಗ ಒಂದು ಜೋಡಿ ಬಂತು. ಬೆಂಗಳೂರಿನವರು, ಇಬ್ಬರೂ ಐಟಿ ಕೆಲಸದವರು, ಹೊಸದಾಗಿ ಸಂಸಾರ ಹೂಡಿದವರು. ಹುಡುಗಿ ಡಬ್ಬಿಗಳ ಗಂಟು ಬಿಚ್ಚಿ ಒಂದನ್ನು ಎತ್ತಿದಳು.

"ಅಯ್ಯೋ, ಇಲ್ನೋಡು! ಕನ್ನಡದಲ್ಲಿ ಹೆಸರು ಬರ್ದಿದೆ!" ಅಂತ ಗಂಡನಿಗೆ ತೋರಿಸಿದಳು. ಆಮೇಲೆ ಅಕ್ಷರ ಬಿಡಿಸಿ ಬಿಡಿಸಿ ನನ್ನ ಹೆಸರು ಓದಿದಳು. "ಬಿ.ಎ. ಅಂತಾನೂ ಇದೆ! ಆಂಟಿ, ಇದು ನೀವಾ? ಆ ಕಾಲದಲ್ಲೇ ಬಿ.ಎ. ಮಾಡಿದ್ರಾ?"

ಕೇಳಿದ್ದು ಅಕ್ಕನನ್ನು.

ಸಂಪಿನ ಪಕ್ಕ ಕುಳಿತಿದ್ದ ನಾನು ಆ ಗಂಟಿನ ಕಡೆ ಕತ್ತು ಚಾಚಿದೆ. ಮೇಲೆ ಹೋಗಿ ತಿರುಗಿ ಬಾರದ ನನ್ನ ಡಬ್ಬಿಗಳು, ಹೋಳಿಗೆ ಒಯ್ದವು, ಹಿಂಡಿ ಒಯ್ದವು, ಅಲ್ಲಿ ಗಂಟಿನಲ್ಲಿದ್ದವು. ಅಕ್ಕ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ನಕ್ಕಳು. ಹುಡುಗಿಯ ಕೈಯಲ್ಲಿದ್ದ ಡಬ್ಬಿಯ ಅಕ್ಷರದ ಮೇಲೆ ಬೆರಳಾಡಿಸಿದಳು.

"ಭಾಳ ಕಷ್ಟದ ಓದವಾ ಅದು. ಮನಿತನದಾಗ ಮೊದಲನೇ ಡಿಗ್ರಿ. ಅಪ್ಪ ಸೈಕಲ್ ಅಂಗಡಿ ಇಟ್ಟಂವ. ಬಿ.ಎ. ಯಾಕ ಅಂತ ಮಷೀನಿನಂವ ಕೇಳಿದ್ದಕ್ಕ ಅಪ್ಪ ಏನಂದ ಗೊತ್ತೇನು?" ಅಂತ ಅಲ್ಲಿ ನಿಲ್ಲಿಸಿ, ಇಬ್ಬರ ಮುಖವನ್ನೂ ನೋಡಿ, ದನಿ ತಗ್ಗಿಸಿ, "ಹೆಸರ ಎಲ್ಲಾರಿಗೂ ಇರತೈತಿ ಅಂದ" ಅಂದಳು.

ಹುಡುಗಿಯ ಕಣ್ಣು ತುಂಬಿತು.

ಆ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಸ್ಟಾಫ್‌ರೂಮಿನಲ್ಲಿ ಹೇಳಿದ್ದೇನೆ, ಮಗಳಿಗೆ ಹೇಳಿದ್ದೇನೆ, ಅಕ್ಕನಿಗೂ ನಾನೇ ಹೇಳಿದ್ದೆ. ಯಾರ ಕಣ್ಣೂ ತುಂಬಿರಲಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಅನ್ನುವುದು ನನಗೆ ಬರುವುದಿಲ್ಲ, ನಾನು ಪಾಠ ಹೇಳಿದ ಹಾಗೆ ಹೇಳುತ್ತೇನೆ. ನಮ್ಮಪ್ಪನನ್ನು ಆಕೆ ನನಗಿಂತ ಚಂದ ಹೇಳಿದಳು. ಮೇಜು, ಉರ್ದು, ಬ್ಯಾಂಕಿನ ಕುರ್ಚಿ, ಇವೆಲ್ಲ ಆಕೆಯವೇ ಆಗಿದ್ದವು, ಹೊಟ್ಟೆ ಉರಿದರೂ ಸುಮ್ಮನಿದ್ದೆ. ಇದೊಂದು ನನ್ನದಾಗಿತ್ತು.

ಎದ್ದು ಹೋದೆ. "ಅದು ನಂದು" ಅಂದೆ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. "ಆ ಹೆಸರು ನಂದು. ಬಿ.ಎ. ನಂದು. ಅಪ್ಪನೂ ನನ್ನಪ್ಪ."

ಹುಡುಗಿ ಗಾಬರಿಯಾಗಿ ಡಬ್ಬಿ ಕೆಳಗಿಡಲು ಹೋದಳು. ಅಕ್ಕನಿಗೆ ಯಾವ ಗಾಬರಿಯೂ ಇಲ್ಲ.

"ಹೌದಲ್ಲ, ಈಕೀದs" ಅಂದಳು. "ಈಕೀ ಬಗ್ಗೆನ ಹೇಳಾಕತ್ತೇನಲ್ಲ ನಾ. ಮತ್ತ ನಂದು ಅಂದ್ನೇನು? ನನ್ನ ಅಡಗಿಮನ್ಯಾಗಿದ್ವು, ಗಂಟಿನ್ಯಾಗ ಬಂದಾವು. ಬೇಕಾದ್ರ ತಗೋವಾ ತಂಗಿ."

"ಬ್ಯಾಡ್ರಿ. ಮಾರಾಕ ಇಟ್ಟೀರಿ, ಮಾರ್ರಿ" ಅಂದೆ. "ಅದರ ಬದಲಿ ನನಗ ಆ ಮೇಜು ಬೇಕು."

ಇಷ್ಟು ವರ್ಷ ಗಂಟಲಲ್ಲಿ ಇದ್ದದ್ದು ಹೇಗೆ ಹೊರಗೆ ಬಂತೋ ಬಂತು. ಅಕ್ಕ ಮೇಜಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಈ ಮೇಜಾ? ಇದಕ್ಕ ಇಷ್ಟೆಲ್ಲಾ? ಹುಚ್ಚಿ, ಒಂದ ಮಾತ ಕೇಳಿದ್ರ ಯಾವಾಗೋ ಕೊಡ್ತಿದ್ನಲ್ಲವಾ!"

ನಾನು ಹೆದರುತ್ತಿದ್ದದ್ದು ಇದೇ ಮಾತಿಗೆ. "ಕೊಡೂದು ಬ್ಯಾಡ್ರಿ ಅಕ್ಕಾರ. ಬದಲಿ" ಅಂದೆ. ಒಳಗೆ ಹೋಗಿ ಪ್ಯಾಕ್ ಮಾಡಿದ್ದ ಪೆಟ್ಟಿಗೆ ಹರಿದು, ಉಳಿದ ಬಿ.ಎ. ಡಬ್ಬಿಗಳನ್ನೆಲ್ಲ, ತಾಟು, ತಂಬಿಗೆ, ಸೌಟು, ಚಮಚ, ಆ ಇಳಕಲ್ ಸೀರೆಯ ಪರಾತ ಸಮೇತ, ಸೆರಗಿನಲ್ಲಿ ಹೊತ್ತುಕೊಂಡು ಬಂದು ಆಕೆಯ ಮುಂದೆ ಸುರಿದೆ. ಓಣಿಗೆಲ್ಲ ಕೇಳಿತು. ಶೋಕೇಸಿನ ಹಿಂದಿನಿಂದ ನನ್ನ ಗಂಡ, "ಸಂತಿ ಅಂದಿದ್ದೆ, ಹೌದಲ್ಲೋ?" ಅಂತ ಯಾರಿಗೋ ಅಂದರು.

ಅಕ್ಕ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. "ಆತವಾ, ಬದಲಿ. ಇವ್ರs ಸಾಕ್ಷಿ" ಅಂತ ಬೆಂಗಳೂರಿನವರನ್ನು ತೋರಿಸಿದಳು. ಆಮೇಲೆ ಗಂಭೀರವಾಗಿ ಕೇಳಿದಳು: "ಒಯ್ದು ಎಲ್ಲಿ ಇಡ್ತಿ?"

"ಕಿಡಕಿ ಬಾಜೂಕ" ಅಂದೆ. "ಅದರ ಮ್ಯಾಲೆ ಬರಿತೀನಿ."

"ಏನ ಬರಿತಿ?"

ನಾನು ಬಗ್ಗಿ, ಉರುಳಿಕೊಂಡು ಹೋಗುತ್ತಿದ್ದ ತಂಬಿಗೆ ಹಿಡಿದೆ.

ಹುಡುಗಿ ಒಂದು ಡಬ್ಬಿಯನ್ನು ಇನ್ನೂ ಎದೆಗೆ ಹಿಡಿದುಕೊಂಡಿದ್ದಳು. ದುಡ್ಡು ಕೊಡಲು ಬಂದಳು, ಅಕ್ಕ ನನ್ನ ಕಡೆ ತೋರಿಸಿದಳು, ನಾನು ಬೇಡ ಅಂದೆ. ನೀನೇನು ಓದಿದ್ದೀಯಮ್ಮಾ ಅಂದೆ. ಎಂ.ಟೆಕ್ ಅಂದಳು. "ನಿಮ್ಮಪ್ಪ ಡಬ್ಬಿ ಮ್ಯಾಲೆ ಹಾಕಿಸಲಿಲ್ಲೇನು?"

"ಅಯ್ಯೋ ಆಂಟಿ, ಅಪ್ಪ ಅಮ್ಮ ಇಬ್ರೂ ಎಂಜಿನಿಯರ್ರೇ. ನಮ್ಮನೇಲಿ ಅದೊಂದು ವಿಷಯಾನೇ ಅಲ್ಲ."

ಡಿಗ್ರಿ ವಿಷಯವೇ ಅಲ್ಲದ ಮನೆಗಳು ಇವೆಯಲ್ಲ ಅಂತ ಹೊಟ್ಟೆಯಲ್ಲಿ ಇನ್ನೊಂದು ಸಲ ಕಿಚ್ಚು ಎದ್ದಿತು. ಆದರೂ ಡಬ್ಬಿ ಕೊಟ್ಟೆ. ಖಾಲಿ ಕೊಡಬಾರದು ಅಂತ ಅದರಲ್ಲಿ ಒಂದಿಷ್ಟು ಶೇಂಗಾ ಹಿಂಡಿ ಹಾಕಿ ಕೊಟ್ಟೆ. ಅಕ್ಕ ಕಾಲು ಚಾಚಿ ಕುಳಿತು ಅದನ್ನು ನೋಡುತ್ತಿದ್ದಳು. "ಎಲ್ಲಾರಿಗೂ ಹಿಂಗs ಹಾಕತಿಯೇನು? ನನಗೂ ಹಾಕತಿದ್ದಿ, ನಾ ಅದು ನಿನ್ನ ಕೈ ದೊಡ್ಡದು ಅಂತ ತಿಳಕೊಂಡಿದ್ದೆ" ಅಂದಳು. ನಮ್ಮವ್ವನ ರೂಢಿ ಹೇಳಿದೆ. "ಹೌದೇನು?" ಅಂದಳು, ಅಷ್ಟೇ.

ಮುಂದಿನ ವಾರ ಮೇಜು ತಾರ್ನಾಕಕ್ಕೆ ಬಂತು. ಕಿಟಕಿಯ ಪಕ್ಕ ಸರಿಯಾಗಿ ಕೂತಿತು. ಭರಣಿಗಳ ಗುಂಡನೆಯ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮೇಲಿನ ಡ್ರಾಯರು ಬಿಗಿಯಾಗಿತ್ತು, ಜಗ್ಗಿ ತೆಗೆದೆ. ಒಳಗೆ, ಅಲುಗಾಡದ ಹಾಗೆ ಬಟ್ಟೆ ಸುತ್ತಿ, ಒಂದು ಬಟ್ಟಲು. ಬಟ್ಟಲ ತುಂಬ ಸಕ್ಕರೆ. ಸಕ್ಕರೆಯಲ್ಲಿ ಚುಚ್ಚಿ ನಿಲ್ಲಿಸಿದ ಚಮಚ, ಹೆಸರಿಲ್ಲದ, ಬರೀ ಬಿ.ಎ. ಇರುವ ಚಮಚ.

ಇಷ್ಟು ವರ್ಷ ಖಾಲಿ ಡಬ್ಬಿ ಕಳಿಸಿದವಳು ಒಂದೇ ಸಲಕ್ಕೆ ಇದನ್ನು ಕಲಿತು, ನನಗಿಂತ ಚಂದ ಮಾಡಿ ಕಳಿಸಿದ್ದಳು. ನನಗೆ ಅಳು ಬರಬೇಕಿತ್ತೇನೋ. ಬಂದದ್ದು ಹೊಟ್ಟೆಕಿಚ್ಚು. ಒಂದು ಹಿಡಿ ಸಕ್ಕರೆಯನ್ನು ಡಬ್ಬಿಗೆ ಸುರಿಯುವುದಷ್ಟೇ ನನಗೆ ಗೊತ್ತಿದ್ದದ್ದು, ಹೀಗೆ ಚಮಚ ನೆಟ್ಟು ಕೊಡುವುದು ನನಗೆ ಹೊಳೆದಿರಲಿಲ್ಲ.

ಈಗ ನಂಟರ ಮದುವೆ ಮುಂಜಿಗಳಲ್ಲಿ ಅಕ್ಕ, "ನಮ್ಮಜ್ಜನ ಮೇಜು ಈಗ ಈಕೀ ಕಡೆ ಐತಿ" ಅನ್ನುತ್ತಾಳೆ. "ಬದಲೀರಿ" ಅಂತ ನಾನು ಪಕ್ಕದಿಂದ ಸೇರಿಸುತ್ತೇನೆ. "ಹೌದು, ಬದಲಿ" ಅನ್ನುತ್ತಾಳೆ, ಆಮೇಲೆ ಅಂಗಳದ ಕಥೆ ಶುರು ಮಾಡುತ್ತಾಳೆ. ಸೆರಗಿನಲ್ಲಿ ಪಾತ್ರೆ ಹೊತ್ತು ತಂದದ್ದು, ಓಣಿಗೆಲ್ಲ ಕೇಳುವ ಹಾಗೆ ಸುರಿದದ್ದು. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಬಹಳ ಚಂದ ಹೇಳುತ್ತಾಳೆ. ಅದಕ್ಕೇ, ಆಕೆ ಹೇಳುವ ಮೊದಲು ನೀವಾದರೂ ನನ್ನ ಬಾಯಿಂದ ಕೇಳಿ ಅಂತ, ಆಕೆಯ ಸಕ್ಕರೆ ಹಾಕಿದ ಚಹಾ ಪಕ್ಕದಲ್ಲಿ ಇಟ್ಟುಕೊಂಡು ಬರೆಯಲು ಕುಳಿತೆ.